ಇತಿಹಾಸ, ಅನ್ವೇಷಣೆ ಪುಸ್ತಕಗಳು: ಪದೇ ಪದೇ ಕೇಳುವ ಪ್ರಶ್ನೆಗಳು

"ಇತಿಹಾಸದ್ದು ಯಾವುದಾದ್ರೂ ಒಳ್ಳೆ ಪುಸ್ತಕ ಹೇಳಿ" ಅಂತ ಕೇಳೋರು ಜಾಸ್ತಿ ಆಗಿದಾರೆ, ಒಬ್ಬೊಬ್ರಿಗೂ ಬೇರೆ ಬೇರೆ ಉತ್ತರ ಟೈಪ್ ಮಾಡೋ ಬದಲು ಎಲ್ಲಾ ಒಂದೇ ಕಡೆ ಹಾಕ್ತಿದೀನಿ. ನನ್ನ ಚಾಳಿ ಏನು ಅಂತ ಮೊದಲೇ ಹೇಳ್ಬಿಡ್ತೀನಿ. ಈ ಥರ ಪುಸ್ತಕಗಳನ್ನ ನಾನು ಜೋಡಿ ಜೋಡಿಯಾಗಿ ಓದ್ತೀನಿ, ಹೋದವನು ತಾನೇ ಬರೆದಿದ್ದು ಒಂದು, ಅವನ ಮಾತನ್ನ ಪರೀಕ್ಷೆ ಮಾಡಿ ಇನ್ಯಾರೋ ಬರೆದಿದ್ದು ಇನ್ನೊಂದು. ಒಂದನ್ನೇ ಓದಿ ಬಿಟ್ರೆ ಒಂದು ಕಡೆಯವರ ಮಾತು ಕೇಳಿ ತೀರ್ಪು ಕೊಟ್ಟ ಪಂಚಾಯ್ತಿ ಥರ ಆಗತ್ತೆ. ಹಾಗಾಗಿ ಕೆಳಗೆ ಒಂದು ಪುಸ್ತಕ ಕೇಳಿದ ಕಡೆ ಎರಡು ಹೇಳಿದ್ರೆ ಬೈಕೋಬೇಡಿ.

ಒಂದೇ ಒಂದು ಪುಸ್ತಕ ಹೇಳಿ, ಎಲ್ಲಿಂದ ಶುರು ಮಾಡ್ಲಿ?

ಆಲ್ಫ್ರೆಡ್ ಲ್ಯಾನ್ಸಿಂಗ್ ಬರೆದ 'ಎಂಡ್ಯೂರೆನ್ಸ್', 1959ರದ್ದು. ಓದೋ ಅಭ್ಯಾಸ ಇಲ್ಲದವರಿಗೂ ಇದನ್ನೇ ಹೇಳೋದು ನಾನು. ಅಂಟಾರ್ಕ್ಟಿಕವನ್ನ ಈ ಕಡೆಯಿಂದ ಆ ಕಡೆಗೆ ದಾಟ್ತೀನಿ ಅಂತ ಹೊರಟ ಶ್ಯಾಕಲ್ಟನ್ನನ ಹಡಗು 1915ರ ಜನವರಿಲಿ ಹಿಮದಲ್ಲಿ ಸಿಕ್ಕಾಕೊಳ್ಳತ್ತೆ, ತಿಂಗಳುಗಟ್ಟಲೆ ಹಾಗೇ ಇದ್ದು ಕೊನೆಗೆ ಹಿಮದ ಒತ್ತಡಕ್ಕೆ ನಜ್ಜುಗುಜ್ಜಾಗಿ ನವೆಂಬರಲ್ಲಿ ಮುಳುಗತ್ತೆ. 28 ಜನ ತೇಲೋ ಹಿಮದ ಮೇಲೆ ಟೆಂಟ್ ಹಾಕ್ಕೊಂಡು ಬದುಕ್ತಾರೆ, ಆಮೇಲೆ ಸಣ್ಣ ದೋಣಿಗಳಲ್ಲಿ ಎಲಿಫೆಂಟ್ ದ್ವೀಪ ಸೇರ್ತಾರೆ, ಅಲ್ಲಿಂದ ಶ್ಯಾಕಲ್ಟನ್ ಮತ್ತು ಇನ್ನೈದು ಜನ ಇಪ್ಪತ್ತೆರಡೂ ಚಿಲ್ಲರೆ ಅಡಿ ಉದ್ದದ ಒಂದು ದೋಣಿಲಿ ಸುಮಾರು 1300 ಕಿಲೋಮೀಟರ್ ಸಮುದ್ರ ದಾಟಿ ಸೌತ್ ಜಾರ್ಜಿಯಾಗೆ ಹೋಗಿ ಸಹಾಯ ತರ್ತಾರೆ. 28ಕ್ಕೆ 28 ಜನಾನೂ ಬದುಕ್ತಾರೆ. ಕೊನೆ ಗೊತ್ತಿದ್ರೂ ಓದ್ತಾ ಇದ್ರೆ ಎದೆ ಡವಡವ ಅನ್ನತ್ತೆ. ಬದುಕಿ ಬಂದವರಲ್ಲಿ ಆಗ ಇನ್ನೂ ಇದ್ದವರನ್ನ ಲ್ಯಾನ್ಸಿಂಗ್ ಹುಡುಕಿ ಮಾತಾಡ್ಸಿದಾನೆ, ಡೈರಿಗಳನ್ನ ಓದಿದಾನೆ, ಅದಕ್ಕೇ ಅಷ್ಟು ಗಟ್ಟಿಯಾಗಿದೆ. ಆ ಹಡಗು 2022ರಲ್ಲಿ ಸುಮಾರು 3000 ಮೀಟರ್ ಆಳದಲ್ಲಿ ಸಿಕ್ತು, ವಿಡಿಯೋ ನೋಡಿ, ಹಿಂಭಾಗದಲ್ಲಿ ಹೆಸರು ಇನ್ನೂ ಓದೋ ಹಾಗಿದೆ.

ಜೋಡಿ ಪುಸ್ತಕ: ಕೆಲ್ಲಿ ಟೈಲರ್-ಲೂಯಿಸ್ ಬರೆದ 'ದಿ ಲಾಸ್ಟ್ ಮೆನ್'. "ಶ್ಯಾಕಲ್ಟನ್ ಒಬ್ಬನನ್ನೂ ಸಾಯಕ್ಕೆ ಬಿಡ್ಲಿಲ್ಲ" ಅಂತ ಮ್ಯಾನೇಜ್‌ಮೆಂಟ್ ಕ್ಲಾಸಲ್ಲಿ ಹೇಳ್ತಾರಲ್ಲ, ಅದು ಅರ್ಧ ಮಾತ್ರ ನಿಜ. ಅದೇ ಯಾತ್ರೆಯ ಇನ್ನೊಂದು ತಂಡ ಖಂಡದ ಆ ಕಡೆಯಿಂದ, ರಾಸ್ ಸಮುದ್ರದ ಕಡೆಯಿಂದ, ಇವನಿಗೋಸ್ಕರ ದಾರಿಯುದ್ದಕ್ಕೂ ಊಟ ಇಟ್ಟು ಬರಕ್ಕೆ ಹೋಗಿತ್ತು. ಅವರು ಹೇಳಿದ ಕೆಲಸ ಮುಗಿಸಿದ್ರು, ಆ ಊಟ ತಿನ್ನಕ್ಕೆ ಯಾರೂ ಬರಲೇ ಇಲ್ಲ, ಮೂರು ಜನ ಸತ್ರು. ಇನ್ನೊಂದು ವಿಷಯ, "ಅಪಾಯದ ಪ್ರಯಾಣಕ್ಕೆ ಜನ ಬೇಕು, ಸಂಬಳ ಕಮ್ಮಿ" ಅಂತ ಶ್ಯಾಕಲ್ಟನ್ ಪೇಪರಲ್ಲಿ ಜಾಹೀರಾತು ಕೊಟ್ಟಿದ್ದ ಅಂತ ಒಂದು ಪೋಸ್ಟರ್ ಓಡಾಡತ್ತಲ್ಲ, ಅದರ ಮೂಲ ಪ್ರತಿ ಇವತ್ತಿನವರೆಗೂ ಯಾರಿಗೂ ಸಿಕ್ಕಿಲ್ಲ. ಫಾರ್ವರ್ಡ್ ಮಾಡೋದು ಬಿಡಿ.

ಇಂಗ್ಲಿಷ್ ಓದೋದು ಕಷ್ಟ, ಕನ್ನಡದಲ್ಲೇ ಏನಾದ್ರೂ ಇದ್ಯಾ?

ಇದೆ, ಜನ ಅಂದ್ಕೊಂಡಿರೋದಕ್ಕಿಂತ ಜಾಸ್ತಿನೇ ಇದೆ. ಮೊದಲನೇ ಹೆಸರು ತೇಜಸ್ವಿ, ಬೇರೆ ಮಾತೇ ಇಲ್ಲ. 'ಅಲೆಮಾರಿಯ ಅಂಡಮಾನ್ ಮತ್ತು ಮಹಾನದಿ ನೈಲ್' ತಗೊಳ್ಳಿ, ಒಂದೇ ಪುಸ್ತಕದಲ್ಲಿ ಒಂದು ಅವರೇ ಅಂಡಮಾನ್ ಸುತ್ತಿದ ಕಥೆ, ಇನ್ನೊಂದು ನೈಲ್ ನದಿಯ ಮೂಲ ಹುಡುಕ್ಕೊಂಡು ಹೋದವರ ಕಥೆ. ಮಿಲೆನಿಯಮ್ ಸರಣಿಲಿ 'ಪೆಸಿಫಿಕ್ ದ್ವೀಪಗಳು', 'ಹುಡುಕಾಟ', 'ಅಡ್ವೆಂಚರ್' ಇವೆ, ಸಣ್ಣ ಸಣ್ಣ ಪುಸ್ತಕಗಳು, ಬಸ್ಸಲ್ಲಿ ಓದಿ ಮುಗಿಸ್ಬಹುದು.

ಆಮೇಲೆ ಬಿ.ಜಿ.ಎಲ್. ಸ್ವಾಮಿ. 'ಹಸುರು ಹೊನ್ನು' ಸಸ್ಯಶಾಸ್ತ್ರದ ಪುಸ್ತಕ ಅಂತ ಜನ ಪಕ್ಕಕ್ಕಿಡ್ತಾರೆ, ಆದ್ರೆ ನನ್ನ ಪ್ರಕಾರ ಕನ್ನಡದ ಅತ್ಯುತ್ತಮ ಅನ್ವೇಷಣೆ ಪುಸ್ತಕ ಅದೇ, ಸ್ಟೂಡೆಂಟ್ಸನ್ನ ಕಟ್ಕೊಂಡು ಕಾಡು ಸುತ್ತೋ ಮೇಷ್ಟ್ರು, ಗಿಡ ಹುಡುಕಾಟ, ಜೊತೆಗೆ ಬಿದ್ದು ಬಿದ್ದು ನಗೋ ಹಾಗಿರೋ ತಮಾಷೆ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದ್ದೂ ಇದಕ್ಕೇ. ಅವರದ್ದೇ 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ' ಅಂತೂ ಓದ್ಲೇಬೇಕು. ಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊ, ಕಡ್ಲೆಕಾಯಿ, ಸೀಬೆಹಣ್ಣು ಎಲ್ಲಾ ಕೊಲಂಬಸ್ ಆಚೆ ಹೋಗಿ ಬಂದಮೇಲೆ ನಮ್ಮ ತಟ್ಟೆಗೆ ಬಂದಿದ್ದು ಅನ್ನೋ ಕಥೆ. ಇದಕ್ಕೆ ಜೋಡಿ ಬೇಕಿದ್ರೆ ಇಂಗ್ಲಿಷಲ್ಲಿ ಚಾರ್ಲ್ಸ್ ಮ್ಯಾನ್ ಬರೆದ '1493' ಇದೆ, ಅದೇ ವಿಷಯ ಇನ್ನೂ ದೊಡ್ಡದಾಗಿ, ಬೆಳ್ಳಿ, ಗುಲಾಮರು, ಸೊಳ್ಳೆ ಎಲ್ಲಾ ಸೇರಿಸ್ಕೊಂಡು.

ನೇಮಿಚಂದ್ರ ಅವರ 'ಪೆರುವಿನ ಪವಿತ್ರ ಕಣಿವೆಯಲ್ಲಿ' ಇಂಕಾಗಳ ನಾಡಿಗೆ ಹೋಗಿ ಬರೆದಿದ್ದು, ಚೆನ್ನಾಗಿದೆ. ವೀ.ಸೀ. ಅವರ 'ಪಂಪಾಯಾತ್ರೆ' ಹಂಪಿಗೆ ಹೋಗೋ ಮುಂಚೆ ಓದಿ. ಕಾರಂತರ 'ಅಪೂರ್ವ ಪಶ್ಚಿಮ' ಯುರೋಪಿನದ್ದು, ನನಗೆ ಸ್ವಲ್ಪ ನಿಧಾನ ಅನ್ಸತ್ತೆ, ಕಾರಂತರ ಅಭಿಮಾನಿಗಳು ಜಗಳಕ್ಕೆ ಬರಬಹುದು, ಬನ್ನಿ.

ಇವೆಲ್ಲಕ್ಕಿಂತ ಕಡಿಮೆ ಜನಕ್ಕೆ ಗೊತ್ತಿರೋದು ಎಚ್.ಎಲ್. ನಾಗೇಗೌಡರ 'ಪ್ರವಾಸಿ ಕಂಡ ಇಂಡಿಯಾ'. ರಾಮನಗರದ ಹತ್ತಿರ ಜಾನಪದ ಲೋಕ ಕಟ್ಟಿದ್ರಲ್ಲ, ಅದೇ ನಾಗೇಗೌಡರು. ಹೊರಗಿಂದ ಇಂಡಿಯಾಕ್ಕೆ ಬಂದ ಯಾತ್ರಿಕರು ಬರೆದಿಟ್ಟಿದ್ದನ್ನೆಲ್ಲ ಕನ್ನಡಕ್ಕೆ ತಂದು ಸಂಪುಟದ ಮೇಲೆ ಸಂಪುಟ ಮಾಡಿದಾರೆ. ಒಬ್ಬ ಮನುಷ್ಯ ಸರ್ಕಾರಿ ಕೆಲಸ ಮಾಡ್ಕೊಂಡು ಇಷ್ಟು ಮಾಡಿದಾರೆ ಅಂದ್ರೆ ನಂಬಕ್ಕೇ ಆಗಲ್ಲ. ಹಳೇ ಲೈಬ್ರರಿಗಳಲ್ಲಿ ಹುಡುಕಿ.

ತೇಜಸ್ವಿಯವರ 'ಮಹಾಪಲಾಯನ' ನಿಜವಾಗ್ಲೂ ನಡೆದಿದ್ದಾ?

ಇದನ್ನ ಕೇಳದೇ ಇರೋರೇ ಇಲ್ಲ. ಅದು ಸ್ಲಾವೊಮಿರ್ ರಾವಿಸ್ ಅನ್ನೋ ಪೋಲೆಂಡಿನವನ 'ದಿ ಲಾಂಗ್ ವಾಕ್' ಪುಸ್ತಕದ ಕನ್ನಡ ರೂಪ, ಇಂಗ್ಲಿಷಲ್ಲಿ ಬಂದಿದ್ದು 1956ರಲ್ಲಿ. ಸೈಬೀರಿಯಾದ ಸೆರೆಯಿಂದ ತಪ್ಪಿಸ್ಕೊಂಡು ಗೋಬಿ ಮರುಭೂಮಿ, ಟಿಬೆಟ್, ಹಿಮಾಲಯ ಎಲ್ಲಾ ನಡ್ಕೊಂಡೇ ದಾಟಿ ಇಂಡಿಯಾ ಸೇರಿದ್ವಿ ಅನ್ನೋ ಕಥೆ. ಹಿಮಮಾನವನನ್ನೂ ನೋಡಿದ್ವಿ ಅಂತ ಇದೆ, ಅಲ್ಲೇ ಹಲವರಿಗೆ ಅನುಮಾನ ಶುರುವಾಗಿದ್ದು. 2006ರಲ್ಲಿ ಬಿಬಿಸಿಯವರು ಹಳೇ ಸೋವಿಯತ್ ದಾಖಲೆ ಹುಡುಕಿದಾಗ ರಾವಿಸ್ 1942ರಲ್ಲಿ ಕ್ಷಮಾದಾನದಲ್ಲಿ ಬಿಡುಗಡೆ ಆಗಿದ್ದ ಅಂತ ಸಿಕ್ತು, ಅಂದ್ರೆ ತಪ್ಪಿಸ್ಕೊಂಡಿದ್ದು ಅವನಲ್ಲ. ಬೇರೆ ಯಾರಾದ್ರೂ ನಡೆದ್ರಾ, ಅವರ ಕಥೆನ ಇವನು ಹೇಳಿದ್ನಾ ಅನ್ನೋ ಚರ್ಚೆ ಇನ್ನೂ ಮುಗಿದಿಲ್ಲ.

ಹಾಗಂತ ಓದ್ಬೇಡಿ ಅಂತಲ್ಲ. ತೇಜಸ್ವಿ ಕನ್ನಡ ಅದು, ಹಿಡಿದ್ರೆ ಬಿಡಕ್ಕಾಗಲ್ಲ. ಕಾದಂಬರಿ ಅಂದ್ಕೊಂಡು ಓದಿ, ಆಮೇಲೆ ದಾಖಲೆ ವಿಷಯ ಓದಿ.

ಹಂಪಿ ಬಗ್ಗೆ ಒಂದೇ ಪುಸ್ತಕ ಓದೋದಾದ್ರೆ?

ರಾಬರ್ಟ್ ಸಿವೆಲ್ ಬರೆದ 'ಎ ಫಾರ್ಗಾಟನ್ ಎಂಪೈರ್', 1900ರಲ್ಲಿ ಬಂದಿದ್ದು, ಕನ್ನಡ ಅನುವಾದಾನೂ ಇದೆ. ಆದ್ರೆ ಓದೋ ಕ್ರಮ ತಲೆಕೆಳಗು ಮಾಡಿ. ಸಿವೆಲ್ ಬರೆದ ಮುಂದಿನ ಅರ್ಧ ಬಿಟ್ಟು ಸೀದಾ ಹಿಂದಕ್ಕೆ ಹೋಗಿ, ಅಲ್ಲಿ ಇಬ್ಬರು ಪೋರ್ಚುಗೀಸರ ಬರಹ ಇದೆ, ಡೊಮಿಂಗೊ ಪಾಯಸ್ ಮತ್ತು ಫೆರ್ನಾವೊ ನೂನಿಜ್. ಪುಸ್ತಕದ ಜೀವ ಇರೋದು ಅಲ್ಲೇ.

ಪಾಯಸ್ ಸುಮಾರು 1520ರಲ್ಲಿ ವಿಜಯನಗರದಲ್ಲಿದ್ದ, ಕೃಷ್ಣದೇವರಾಯನನ್ನ ಕಣ್ಣಾರೆ ನೋಡಿದಾನೆ. ಮಧ್ಯಮ ಎತ್ತರ, ಬಿಳಿ ಮೈಬಣ್ಣ, ಸ್ವಲ್ಪ ದಪ್ಪ, ಮುಖದಲ್ಲಿ ಸಿಡುಬಿನ ಕಲೆ ಅಂತ ಬರೀತಾನೆ, ನಮ್ಮ ಸಿನಿಮಾದವರು ತೋರ್ಸೋ ರಾಯನಿಗೂ ಇದಕ್ಕೂ ಎಲ್ಲಿಗೆಲ್ಲಿ! ಬೆಳಗಾಗೋ ಮುಂಚೆ ಎದ್ದು ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಅದನ್ನೇ ಹಚ್ಕೊಂಡು, ಆ ಎಣ್ಣೆ ಎಲ್ಲಾ ಬೆವರಾಗಿ ಇಳಿಯೋವರೆಗೂ ಕಸರತ್ತು ಮಾಡಿ, ಕುಸ್ತಿ ಆಡಿ, ಆಮೇಲೆ ಕುದುರೆ ಓಡಿಸ್ತಿದ್ದನಂತೆ. ಊರು ರೋಮ್‌ನಷ್ಟು ದೊಡ್ಡದು ಅಂತಾನೆ. ಮಹಾನವಮಿ ಹಬ್ಬದ ವರ್ಣನೆ ಓದಿ ಆಮೇಲೆ ಹಂಪಿಲಿ ಆ ದಿಬ್ಬದ ಮೇಲೆ ಹತ್ತಿ ನಿಂತ್ರೆ ಗೈಡ್ ಬೇಕಾಗಲ್ಲ.

ನೂನಿಜ್ ಕುದುರೆ ವ್ಯಾಪಾರಿ, ಸುಮಾರು 1535ರ ಹೊತ್ತಿನವನು. ಅವನು ಕೇಳಿದ ಕಥೆನೆಲ್ಲ ಬರೀತಾನೆ, ಹಾಗಾಗಿ ಹುಷಾರಾಗಿ ಓದ್ಬೇಕು. ರಾಯಚೂರಿನ ಯುದ್ಧಕ್ಕೆ ಹೊರಟ ಕಾಲಾಳುಗಳನ್ನ ಅವನ ಲೆಕ್ಕದ ಪ್ರಕಾರ ಕೂಡಿದ್ರೆ ಏಳು ಲಕ್ಷ ದಾಟತ್ತೆ. ಅಷ್ಟು ಜನಕ್ಕೆ, ಜೊತೆಗೆ ಕುದುರೆ ಆನೆಗೆ ದಿನಾ ನೀರು ಎಲ್ಲಿಂದ ಅಂತ ಒಂದ್ಸಲ ಯೋಚ್ನೆ ಮಾಡಿ. ಅವರಿಗಿಂತ ಮುಂಚೆ 1443ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಬಂದಿದ್ದ, ಒಂದರೊಳಗೊಂದು ಏಳು ಕೋಟೆ ಅಂತ ಬರೆದಿದ್ದು ಅವನೇ.

ಜೋಡಿ: ರಿಚರ್ಡ್ ಈಟನ್ನರ 'ಎ ಸೋಶಿಯಲ್ ಹಿಸ್ಟರಿ ಆಫ್ ದಿ ಡೆಕ್ಕನ್', 2005. ಎಂಟು ಜನರ ಬದುಕಿನ ಮೂಲಕ ದಖ್ಖನ್ನಿನ ಇತಿಹಾಸ ಹೇಳ್ತಾರೆ, ಅದರಲ್ಲಿ ವಿಜಯನಗರದ ಆಡಳಿತ ಕೈಲಿಟ್ಕೊಂಡಿದ್ದ ರಾಮರಾಯನ ಅಧ್ಯಾಯ ಮೊದಲು ಓದಿ. 1565ರ ತಾಳಿಕೋಟೆ ಯುದ್ಧ ಅಂದ್ರೆ ಒಂದು ಧರ್ಮದವರು ಆ ಕಡೆ, ಇನ್ನೊಂದು ಧರ್ಮದವರು ಈ ಕಡೆ ಅನ್ನೋ ಸಿವೆಲ್ ಕಾಲದ ಚಿತ್ರ ಇದೆಯಲ್ಲ, ರಾಮರಾಯ ಒಂದು ಕಾಲಕ್ಕೆ ಗೋಲ್ಕೊಂಡದ ಸುಲ್ತಾನನ ಹತ್ರಾನೇ ಕೆಲಸಕ್ಕಿದ್ದ, ಆಮೇಲೆ ಸುಲ್ತಾನರನ್ನ ಒಬ್ಬರ ಮೇಲೊಬ್ಬರನ್ನ ಎತ್ತಿಕಟ್ತಾ ಇದ್ದ ಅಂತ ಓದಿದ್ಮೇಲೆ ಅದು ಅಷ್ಟು ಸಲೀಸಾಗಿ ನಿಲ್ಲಲ್ಲ. ಆಫ್ರಿಕಾದಿಂದ ಗುಲಾಮನಾಗಿ ಬಂದು ಅಹಮದ್‌ನಗರದ ದಂಡನಾಯಕನಾದ ಮಲಿಕ್ ಅಂಬರ್ ಅಧ್ಯಾಯಾನೂ ಬಿಡ್ಬೇಡಿ.

ಹಂಪಿ ಬಿಟ್ಟು ನಮ್ಮ ಕಡೆ ಬಂದ ಬೇರೆ ಯಾತ್ರಿಕರು?

ತುಂಬಾ ಜನ ಇದಾರೆ, ನನಗೆ ಇಷ್ಟ ಆದವರನ್ನ ಮಾತ್ರ ಹೇಳ್ತೀನಿ.

ಇಬ್ನ್ ಬತೂತ. 1325ರಲ್ಲಿ ಮೊರಾಕ್ಕೊದ ಟ್ಯಾಂಜಿಯರ್ ಬಿಟ್ಟವನು ಅಲೆದೂ ಅಲೆದೂ ನಮ್ಮ ಹೊನ್ನಾವರಕ್ಕೂ ಬಂದ. ಅಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆ ನೋಡಿದೆ, ಬೇರೆಲ್ಲೂ ಹೀಗೆ ನೋಡಿಲ್ಲ ಅಂತ ಬರೀತಾನೆ, ಹದಿನಾಲ್ಕನೇ ಶತಮಾನದಲ್ಲಿ! ಜೋಡಿಗೆ ರಾಸ್ ಡನ್ ಬರೆದ 'ದಿ ಅಡ್ವೆಂಚರ್ಸ್ ಆಫ್ ಇಬ್ನ್ ಬತೂತ', ಅವನು ಹೇಳಿದ್ದರಲ್ಲಿ ಯಾವುದು ನಂಬೋ ಹಾಗಿದೆ, ಎಲ್ಲಿ ದಿನಾಂಕ ಕೂಡಲ್ಲ ಅಂತ ಬಿಡಿಸಿ ಹೇಳತ್ತೆ.

ಪಿಯೆತ್ರೊ ದೆಲ್ಲಾ ವಾಲ್ಲೆ ಇಟಲಿಯವನು, 1623ರಲ್ಲಿ ಗೋವಾದಿಂದ ಪೋರ್ಚುಗೀಸ್ ರಾಯಭಾರಿ ಜೊತೆ ಇಕ್ಕೇರಿಗೆ, ವೆಂಕಟಪ್ಪ ನಾಯಕನ ಹತ್ರ ಹೋದ. ಯಾವ ಕೆಲಸಾನೂ ಇಲ್ಲ, ಬರೀ ಕುತೂಹಲಕ್ಕೆ ಸುತ್ತಿದವನು, ಅದಕ್ಕೇ ಅವನ ಕಣ್ಣು ಬೇರೆ. ಹುಡುಗರು ನೆಲದ ಮೇಲೆ ಮರಳು ಹರಡಿ ಅದರಲ್ಲಿ ಬೆರಳಿಂದ ಬರೀತಾ ರಾಗವಾಗಿ ಲೆಕ್ಕ ಕಲೀತಿದ್ದಿದ್ದನ್ನ ನಿಂತು ನೋಡಿ ಬರೆದಿದಾನೆ. ಉಳ್ಳಾಲದ ರಾಣಿನ ನೋಡಿದಾಗ ಅವಳು ಬರಿಗಾಲಲ್ಲಿ ಗದ್ದೆ ಕಾಲುವೆ ಕೆಲಸ ನೋಡಕ್ಕೆ ನಡ್ಕೊಂಡು ಬರ್ತಿದ್ಲು. ನಾಲ್ಕು ಸಾಲಲ್ಲಿ ಇಡೀ ಮನುಷ್ಯಳು ಕಣ್ಣಿಗೆ ಕಟ್ತಾಳೆ.

ಫ್ರಾನ್ಸಿಸ್ ಬುಕನನ್. ಟಿಪ್ಪು ಸತ್ತ ಮಾರನೇ ವರ್ಷ, 1800ರಲ್ಲಿ, ಗೆದ್ದ ಸೀಮೆಲಿ ಏನಿದೆ ಅಂತ ನೋಡ್ಕೊಂಡು ಬಾ ಅಂತ ಗವರ್ನರ್ ಜನರಲ್ ವೆಲ್ಲೆಸ್ಲಿ ಕಳಿಸಿದ ಡಾಕ್ಟರು. ಮೈಸೂರು, ಕೆನರಾ, ಮಲಬಾರ್ ಸುತ್ತಿದ ದಿನಚರಿ 1807ರಲ್ಲಿ ಮೂರು ಸಂಪುಟವಾಗಿ ಬಂತು. ಕಥೆ ಥರ ಓದಕ್ಕೆ ಹೋದ್ರೆ ನಿದ್ದೆ ಬರತ್ತೆ, ಗ್ಯಾರಂಟಿ. ನಿಮ್ಮೂರಿನ ಹೆಸರು ಹುಡುಕಿ ಆ ಪುಟ ಓದಿ. ರಾಗಿ ಹೇಗೆ ಬಿತ್ತುತ್ತಿದ್ರು, ಕಬ್ಬಿಣ ಹೇಗೆ ಕರಗಿಸ್ತಿದ್ರು, ನೇಯೋರಿಗೆ ಏನು ಸಿಗ್ತಿತ್ತು, ಎಲ್ಲಾ ಇದೆ. ಕಂಪನಿಗೆ ವರಮಾನ ಎಷ್ಟು ಬರಬಹುದು ಅನ್ನೋ ಲೆಕ್ಕ ಹಿಂದಿದೆ ಅನ್ನೋದು ಮಾತ್ರ ಮರೀಬೇಡಿ.

ಇನ್ನು ಮಂಗಳೂರು. ಅಮಿತಾವ್ ಘೋಷ್ ಅವರ 'ಇನ್ ಆ್ಯನ್ ಆಂಟೀಕ್ ಲ್ಯಾಂಡ್', 1992. ಕೈರೋದ ಒಂದು ಹಳೇ ಯೆಹೂದಿ ಮಂದಿರದಲ್ಲಿ ಶತಮಾನಗಳಿಂದ ಬಿದ್ದಿದ್ದ ಕಾಗದದ ರಾಶಿಲಿ ಹನ್ನೆರಡನೇ ಶತಮಾನದ ವ್ಯಾಪಾರಿ ಅಬ್ರಹಾಂ ಬೆನ್ ಯಿಜುವಿನ ಪತ್ರಗಳು ಸಿಕ್ತವೆ, ಅವನು ವರ್ಷಾನುಗಟ್ಟಲೆ ಮಂಗಳೂರಲ್ಲಿ ಇದ್ದವನು, ಇಲ್ಲೇ ಮದುವೆ ಆದವನು. ಆ ಪತ್ರಗಳಲ್ಲಿ ಮೂರಕ್ಷರದಲ್ಲಿ ಬರೋ ಒಬ್ಬ ಆಳಿನ ಹೆಸರನ್ನ ಹಿಡ್ಕೊಂಡು ಘೋಷ್ ತುಳುನಾಡಿಗೆ ಬಂದು, ಬಿ.ಎ. ವಿವೇಕ ರೈ ಅವರನ್ನ ಕೇಳಿ, ಅದು ಬೊಮ್ಮ ಅಂತ ತೀರ್ಮಾನಕ್ಕೆ ಬರ್ತಾರೆ. ರಾಜನ ಬಗ್ಗೆ ಬರೆಯಕ್ಕೆ ಸಾವಿರ ಶಾಸನ ಇರತ್ತೆ, ಒಬ್ಬ ಆಳಿನ ಬಗ್ಗೆ ಬರೆಯಕ್ಕೆ ಮೂರಕ್ಷರ. ಈ ಪಟ್ಟಿಲಿ ನನಗೆ ಅತಿ ಇಷ್ಟದ್ದು ಯಾವುದು ಅಂದ್ರೆ ಇದೇ.

ಸ್ಕಾಟ್ ಹೀರೋನಾ, ದಡ್ಡನಾ?

ಯಾವ ಪುಸ್ತಕ ಓದಿದೀರಿ ಅನ್ನೋದರ ಮೇಲೆ ಹೋಗತ್ತೆ. ನಾರ್ವೆಯ ಅಮುಂಡ್ಸೆನ್ ದಕ್ಷಿಣ ಧ್ರುವ ಮುಟ್ಟಿದ್ದು 1911ರ ಡಿಸೆಂಬರ್ 14ಕ್ಕೆ, ಬ್ರಿಟನ್ನಿನ ಸ್ಕಾಟ್ ಮುಟ್ಟಿದ್ದು 1912ರ ಜನವರಿ 17ಕ್ಕೆ, ವಾಪಸ್ ಬರ್ತಾ ಸ್ಕಾಟ್ ಸೇರಿ ಐದೂ ಜನ ಸತ್ರು. ರೋಲಂಡ್ ಹಂಟ್‌ಫರ್ಡ್ 1979ರಲ್ಲಿ ಬರೆದ 'ಸ್ಕಾಟ್ ಆ್ಯಂಡ್ ಅಮುಂಡ್ಸೆನ್' ಓದಿದ್ರೆ ಸ್ಕಾಟ್‌ನಂಥ ಅಸಮರ್ಥ ಇನ್ನೊಬ್ಬ ಇಲ್ಲ ಅನ್ಸತ್ತೆ, ನಾಯಿ ನಂಬಲಿಲ್ಲ, ಕುದುರೆ ತಗೊಂಡು ಹೋದ, ಗಾಡಿ ತಾವೇ ಎಳೆದ್ರು ಅಂತ. ಅಮುಂಡ್ಸೆನ್ 52 ನಾಯಿ ಕಟ್ಕೊಂಡು ಹೊರಟು, ದಾರಿಲಿ ಒಂದೊಂದನ್ನೇ ಕೊಂದು ಉಳಿದವಕ್ಕೆ ತಿನ್ನಿಸಿ, ತಾವೂ ತಿಂದು, 11 ನಾಯಿ ಜೊತೆ ವಾಪಸ್ ಬಂದ. ಲೆಕ್ಕಾಚಾರದ ಮನುಷ್ಯ.

ಇದಾದ್ಮೇಲೆ ಸೂಸನ್ ಸಾಲಮನ್ ಅವರ 'ದಿ ಕೋಲ್ಡೆಸ್ಟ್ ಮಾರ್ಚ್' ಓದಿ, 2001. ಇವರು ಓಜೋನ್ ಪದರದ ರಂಧ್ರದ ಮೇಲೆ ಕೆಲಸ ಮಾಡಿದ ವಿಜ್ಞಾನಿ, ಹವಾಮಾನದ ದಾಖಲೆ ಇಟ್ಕೊಂಡು ಲೆಕ್ಕ ಹಾಕಿ, ಆ ವರ್ಷದ ಮಾರ್ಚಲ್ಲಿ ಅಲ್ಲಿ ಬಿದ್ದ ಚಳಿ ವಾಡಿಕೆಗಿಂತ ತುಂಬಾ ಕೆಳಗೆ ಹೋಗಿತ್ತು ಅಂತ ತೋರಿಸ್ತಾರೆ. ಸ್ಕಾಟ್ ಪೂರ್ತಿ ಬಚಾವಾಗಲ್ಲ, ಆದ್ರೆ ಬೈಯೋ ದನಿ ಸ್ವಲ್ಪ ಇಳಿಯತ್ತೆ.

ಈ ಜಗಳ ಎಲ್ಲಾ ಬೇಡ ಅನ್ನೋರಿಗೆ ಸ್ಕಾಟ್ ತಂಡದಲ್ಲೇ ಇದ್ದ ಚೆರಿ-ಗ್ಯಾರಾರ್ಡ್ 1922ರಲ್ಲಿ ಬರೆದ 'ದಿ ವರ್ಸ್ಟ್ ಜರ್ನಿ ಇನ್ ದಿ ವರ್ಲ್ಡ್'. ಹೆಸರು ನೋಡಿ ಧ್ರುವಕ್ಕೆ ಹೋಗಿದ್ದು ಅಂದ್ಕೋತಾರೆ, ಅಲ್ಲ, ಅದು ಪೆಂಗ್ವಿನ್ ಮೊಟ್ಟೆ ತರಕ್ಕೆ ಮೂರು ಜನ ಚಳಿಗಾಲದ ಕಗ್ಗತ್ತಲಲ್ಲಿ ಹೋಗಿದ್ದು, ಮೈನಸ್ 60 ಡಿಗ್ರಿ ಮುಟ್ಟಿದ ಚಳಿ, ಹಲ್ಲು ಕಟಕಟ ಅಂತ ಹೊಡ್ಕೊಂಡು ಹೊಡ್ಕೊಂಡು ಒಡೆದೇ ಹೋದ್ವು. ತಂದಿದ್ದು ಮೂರು ಮೊಟ್ಟೆ. ಅದನ್ನ ಲಂಡನ್ನಿನ ಮ್ಯೂಸಿಯಮ್ಮಿಗೆ ಕೊಡಕ್ಕೆ ಹೋದಾಗ ಅಲ್ಲಿಯ ಅಧಿಕಾರಿ ಮಾಡಿದ ಉದಾಸೀನದ ದೃಶ್ಯ ಓದಿ, ನಮ್ಮ ಯಾವುದೋ ಆಫೀಸಿನ ಕೌಂಟರ್ ನೆನಪಾಗ್ದೇ ಇರಲ್ಲ.

ಸಮುದ್ರಯಾನದ್ದು?

ಥೋರ್ ಹೆಯರ್‌ಡಾಲ್‌ನ 'ಕಾನ್-ಟಿಕಿ'. 1947ರಲ್ಲಿ ಆರು ಜನ ಬಾಲ್ಸಾ ಮರದ ತೆಪ್ಪ ಕಟ್ಕೊಂಡು ಪೆರುವಿನಿಂದ ಹೊರಟು 101 ದಿನ ತೇಲಿ ಪಾಲಿನೇಷ್ಯಾದ ಒಂದು ಹವಳದ ದಿಬ್ಬಕ್ಕೆ ಬಡೀತಾರೆ. ಮಜಾ ಅಂದ್ರೆ ಮಜಾ. ಆದ್ರೆ ಅವನು ಸಾಧಿಸಕ್ಕೆ ಹೊರಟ ವಾದ, ಪಾಲಿನೇಷ್ಯಾದ ಜನ ಮೂಲದಲ್ಲಿ ದಕ್ಷಿಣ ಅಮೆರಿಕದಿಂದ ಬಂದೋರು ಅನ್ನೋದು, ನಿಲ್ಲಲಿಲ್ಲ. ಭಾಷೆ, ಡಿಎನ್ಎ ಎರಡೂ ಅವರು ಏಷ್ಯಾ ಕಡೆಯಿಂದ ಬಂದೋರು ಅಂತಾನೇ ಹೇಳ್ತವೆ. ಆದ್ರೂ 2020ರಲ್ಲಿ ಬಂದ ಒಂದು ಡಿಎನ್ಎ ಅಧ್ಯಯನದಲ್ಲಿ ಸುಮಾರು 1200ರ ಹೊತ್ತಿಗೆ ಎರಡು ಕಡೆಯವರಿಗೂ ಸಂಪರ್ಕ ಇತ್ತು ಅಂತ ಸಿಕ್ಕಿದೆ. ಜೋಡಿ: ಕ್ರಿಸ್ಟಿನಾ ಥಾಂಪ್ಸನ್ ಅವರ 'ಸೀ ಪೀಪಲ್', ದಿಕ್ಸೂಚಿ ಇಲ್ದೆ ನಕ್ಷತ್ರ, ಅಲೆ, ಹಕ್ಕಿ ನೋಡ್ಕೊಂಡು ಆ ಜನ ದ್ವೀಪ ದ್ವೀಪ ಹೇಗೆ ಸೇರಿದ್ರು ಅಂತ.

ಡಾವಾ ಸೋಬೆಲ್ ಅವರ 'ಲಾಂಜಿಟ್ಯೂಡ್' ಸಣ್ಣದು, ಎರಡು ಸಂಜೆ ಸಾಕು. ನಡುಸಮುದ್ರದಲ್ಲಿ ರೇಖಾಂಶ ಗೊತ್ತಾಗ್ದೆ ಹಡಗುಗಳು ಬಂಡೆಗೆ ಹೊಡೀತಿದ್ವು, ಉಪಾಯ ಹೇಳಿದವರಿಗೆ 20,000 ಪೌಂಡ್ ಅಂತ 1714ರಲ್ಲಿ ಬ್ರಿಟಿಷ್ ಪಾರ್ಲಿಮೆಂಟ್ ಬಹುಮಾನ ಇಟ್ಟಿತ್ತು, ಖಗೋಳ ಪಂಡಿತರೆಲ್ಲ ಆಕಾಶ ನೋಡ್ತಾ ಕೂತಿದ್ದಾಗ ಜಾನ್ ಹ್ಯಾರಿಸನ್ ಅನ್ನೋ ಬಡಗಿ ಕಸುಬಿನವನು ಗಡಿಯಾರ ಮಾಡಿ ಬಗೆಹರಿಸಿದ. ಸೋಬೆಲ್ ಪಂಡಿತರನ್ನ ಸ್ವಲ್ಪ ಜಾಸ್ತಿನೇ ವಿಲನ್ ಮಾಡಿದಾರೆ ಅನ್ಸತ್ತೆ ನನಗೆ.

ಮೆಗಲನ್ ಬೇಕಿದ್ರೆ ಅವನ ಜೊತೆಗಿದ್ದ ಪಿಗಫೆಟ್ಟಾ ಬರೆದಿದ್ದೇ ಓದಿ. 1519ರಲ್ಲಿ ಐದು ಹಡಗು ಹೊರಟು 1522ರಲ್ಲಿ ಒಂದು ವಾಪಸ್ ಬಂತು, ಅದರಲ್ಲಿ 18 ಜನ, ಮೆಗಲನ್ ಇರಲಿಲ್ಲ. ಪಿಗಫೆಟ್ಟಾ ಒಂದು ದಿನಾನೂ ಬಿಡದೆ ಡೈರಿ ಬರೆದವನು, ಕೇಪ್ ವರ್ಡೆಗೆ ಬಂದಾಗ ಇವನ ಡೈರಿಲಿ ಬುಧವಾರ, ಅಲ್ಲಿ ಗುರುವಾರ. ತಲೆ ಕೆಡಿಸ್ಕೋತಾನೆ ಪಾಪ. ಪಶ್ಚಿಮದ ಕಡೆ ಸಾಗ್ತಾ ಭೂಮಿ ಸುತ್ತಿ ಬಂದ್ರೆ ಒಂದು ದಿನ ಹೋಗತ್ತೆ ಅಂತ ಆಮೇಲೆ ಗೊತ್ತಾಯ್ತು.

ಎಲ್ಲಾ ಬಿಳಿಯರ ಕಥೆನೇ ಆಯ್ತಲ್ಲ, ನಮ್ಮವರು ಯಾರೂ ಇಲ್ವಾ?

ಇದಾರೆ, ಸಂಬಳ ಕಮ್ಮಿ, ಹೆಸರು ಇನ್ನೂ ಕಮ್ಮಿ. ಡೆರೆಕ್ ವಾಲರ್ ಬರೆದ 'ದಿ ಪಂಡಿತ್ಸ್' ಹುಡುಕಿ ಓದಿ. ಟಿಬೆಟ್ಟಿಗೆ ಬ್ರಿಟಿಷರು ಕಾಲಿಡೋ ಹಾಗಿಲ್ಲ, ಮ್ಯಾಪ್ ಮಾತ್ರ ಬೇಕು, ಅದಕ್ಕೆ ಡೆಹ್ರಾಡೂನಲ್ಲಿ ಪಹಾಡಿ ಜನಕ್ಕೆ ಟ್ರೈನಿಂಗ್ ಕೊಟ್ಟು ಯಾತ್ರಿಕರ ವೇಷದಲ್ಲಿ ಕಳಿಸಿದ್ರು. ಕುಮಾವೂಂ ಕಡೆಯ ಮಿಲಂ ಊರಿನ ನೈನ್ ಸಿಂಗ್ ಅನ್ನೋ ಸ್ಕೂಲ್ ಮೇಷ್ಟ್ರು 1866ರಲ್ಲಿ ಲಾಸಾ ಮುಟ್ಟಿದ. ಜಪಮಾಲೆಲಿ 108ರ ಬದಲು 100 ಮಣಿ, ನೂರು ಹೆಜ್ಜೆಗೆ ಒಂದು ಮಣಿ. ಪ್ರಾರ್ಥನಾ ಚಕ್ರದೊಳಗೆ ಮಂತ್ರದ ಬದಲು ಲೆಕ್ಕದ ಚೀಟಿ. ಹೆಜ್ಜೆ ಅಳತೆ ಒಂದೇ ಥರ ಇರಬೇಕು ಅಂತ ಬೆಟ್ಟ ಹತ್ತುವಾಗ್ಲೂ ಇಳಿಯುವಾಗ್ಲೂ ಅಭ್ಯಾಸ ಮಾಡ್ಸಿದ್ರು.

ಅದಕ್ಕಿಂತ ಕಿಂತಪ್ ಕಥೆ ಓದಿದ್ರೆ ಹೊಟ್ಟೆ ಕಿವುಚತ್ತೆ. ಸಿಕ್ಕಿಂನವನು, ಓದು ಬರಹ ಇಲ್ಲ. ಟಿಬೆಟ್ಟಿನ ತ್ಸಾಂಗ್ಪೊ ನದಿನೇ ಕೆಳಗೆ ಬ್ರಹ್ಮಪುತ್ರ ಆಗತ್ತಾ ಅಂತ ನೋಡಕ್ಕೆ ಗುರುತು ಹಾಕಿದ ಮರದ ತುಂಡು ನದಿಗೆ ಹಾಕಿ, ಕೆಳಗೆ ಕಾಯ್ತೀವಿ ಅಂತ 1880ರಲ್ಲಿ ಒಬ್ಬ ಲಾಮಾ ಜೊತೆ ಕಳಿಸಿದ್ರು. ಆ ಲಾಮಾ ಇವನನ್ನ ಗುಲಾಮನಾಗಿ ಮಾರಿ ಹೋದ. ತಪ್ಪಿಸ್ಕೊಂಡ, ಮನೆಗೆ ಓಡಿ ಬರಬಹುದಿತ್ತು, ಬರಲಿಲ್ಲ, ಒಪ್ಕೊಂಡ ಕೆಲಸ ಮುಗಿಸಕ್ಕೆ ನಿಂತ. 500 ತುಂಡು ಕಡಿದು, ಇಂಥ ದಿನದಿಂದ ದಿನಕ್ಕೆ 50 ಬಿಡ್ತೀನಿ ಅಂತ ಯಾರ ಕೈಲೋ ಕಾಗದ ಬರೆಸಿ ಕಳಿಸಿ, ಹೇಳಿದ ಹಾಗೇ ಬಿಟ್ಟ. ಕಾಗದ ಮುಟ್ಟಬೇಕಾದವರಿಗೆ ಮುಟ್ಟಿರಲಿಲ್ಲ. ಕೆಳಗೆ ಕಾಯ್ತಿದ್ದವರು ಯಾರೂ ಇರಲಿಲ್ಲ. 500 ತುಂಡೂ ಸುಮ್ನೆ ತೇಲಿಹೋದ್ವು. ನಾಲ್ಕು ವರ್ಷ ಆದ್ಮೇಲೆ ವಾಪಸ್ ಬಂದು ಹೇಳಿದ್ರೆ ಸರಿಯಾಗಿ ನಂಬಿದವರೂ ಕಮ್ಮಿ.

ಜಾನ್ ಕೀ ಬರೆದ 'ದಿ ಗ್ರೇಟ್ ಆರ್ಕ್' ಇದಕ್ಕೆ ಹಿಂದಿನ ಕಥೆ, ಇಂಡಿಯಾವನ್ನ ಅಳೆದಿದ್ದು. ಲ್ಯಾಂಬ್ಟನ್ ಅನ್ನೋ ಬ್ರಿಟಿಷ್ ಸೇನಾಧಿಕಾರಿ 1800ರಲ್ಲಿ ಬೆಂಗಳೂರಿನ ಹತ್ರ ಒಂದು ಬೇಸ್‌ಲೈನ್, ಅಂದ್ರೆ ಮುಂದಿನ ಲೆಕ್ಕಕ್ಕೆಲ್ಲ ಆಧಾರ ಆಗೋ ನೇರ ಗೆರೆ, ಅಳೆದ, ದೊಡ್ಡ ಸರ್ವೆ ಅಂತ ಲೆಕ್ಕಕ್ಕೆ ಬರೋದು 1802ರಲ್ಲಿ ಮದ್ರಾಸಲ್ಲಿ ಶುರುವಾಗಿದ್ದು. ಕೋನ ಅಳೆಯೋ ಅರ್ಧ ಟನ್ ತೂಕದ ಥಿಯೊಡೊಲೈಟ್ ಯಂತ್ರಾನ ತಂಜಾವೂರಿನ ದೇವಸ್ಥಾನದ ಗೋಪುರಕ್ಕೆ ಎಳೆಯುವಾಗ ಹಗ್ಗ ಕಿತ್ತು ಜಜ್ಜಿಹೋಗಿದ್ದು, ಅದನ್ನ ಅವನೇ ಕೂತು ರಿಪೇರಿ ಮಾಡಿದ್ದು, ಎಲ್ಲಾ ಇದೆ. ಆದ್ರೆ ಆ ಯಂತ್ರ ಹೊತ್ತವರ ಹೆಸರು ಆ ಪುಸ್ತಕದಲ್ಲೂ ಹೆಚ್ಚು ಸಿಗಲ್ಲ.

ಅನ್ವೇಷಣೆ ಅಂದ್ರೆ ಕೊನೆಗೆ ಲೂಟಿನೇ ಅಲ್ವಾ?

ಎಷ್ಟೋ ಸಲ ಹೌದು. ಸ್ಟ್ಯಾನ್ಲಿ ಆಫ್ರಿಕಾ ದಾಟಿದ ಸಾಹಸ ಓದಿ ಖುಷಿ ಪಟ್ಟೋರು ಆಡಂ ಹಾಕ್‌ಶೀಲ್ಡ್ ಬರೆದ 'ಕಿಂಗ್ ಲಿಯೊಪೋಲ್ಡ್ಸ್ ಗೋಸ್ಟ್' ಓದ್ಲೇಬೇಕು. ಅದೇ ಸ್ಟ್ಯಾನ್ಲಿ ಬೆಲ್ಜಿಯಂ ರಾಜನಿಗೋಸ್ಕರ ಕಾಂಗೋದಲ್ಲಿ ಒಪ್ಪಂದ ಬರೆಸ್ಕೊಂಡು ಬಂದ, ಆಮೇಲೆ ರಬ್ಬರಿಗೋಸ್ಕರ ಅಲ್ಲಿ ನಡೆದಿದ್ದು ಓದಿದ್ರೆ ರಾತ್ರಿ ನಿದ್ದೆ ಬರಲ್ಲ.

ಕ್ಯಾಂಡಿಸ್ ಮಿಲ್ಲಾರ್ಡ್ ಅವರ 'ರಿವರ್ ಆಫ್ ದಿ ಗಾಡ್ಸ್' ತೇಜಸ್ವಿಯವರ ನೈಲ್ ಪುಸ್ತಕಕ್ಕೆ ಒಳ್ಳೆ ಜೋಡಿ. ನೈಲ್ ಮೂಲ ಹುಡುಕ್ಕೊಂಡು ಹೋದ ಬರ್ಟನ್, ಸ್ಪೀಕ್ ಅನ್ನೋ ಇಬ್ಬರು ಬ್ರಿಟಿಷರ ಜಗಳದ ಜೊತೆಗೆ ಅವರನ್ನ ನಡೆಸ್ಕೊಂಡು ಹೋದ ಸಿದಿ ಮುಬಾರಕ್ ಬಾಂಬೆಗೂ ಜಾಗ ಕೊಟ್ಟಿದಾರೆ. ಆಫ್ರಿಕಾದಲ್ಲಿ ಹುಟ್ಟಿ, ಗುಲಾಮನಾಗಿ ಪಶ್ಚಿಮ ಇಂಡಿಯಾಕ್ಕೆ ಬಂದು, ವಾಪಸ್ ಹೋಗಿ ಆ ಖಂಡಾನೇ ಸುತ್ತಿದವನು, ಹೆಸರಲ್ಲಿರೋ ಬಾಂಬೆ ನಮ್ಮ ಬಾಂಬೆನೇ.

ಹೆಂಗಸರು ಬರೆದಿದ್ದು?

ಅಲೆಕ್ಸಾಂಡ್ರಾ ಡೇವಿಡ್-ನೀಲ್, 1927ರ 'ಮೈ ಜರ್ನಿ ಟು ಲಾಸಾ'. ಐವತ್ತು ದಾಟಿದ ಹೆಂಗಸು ಭಿಕ್ಷುಕಿ ವೇಷ ಹಾಕ್ಕೊಂಡು ಮುಖಕ್ಕೆ ಮಸಿ ಬಳ್ಕೊಂಡು ಲಾಸಾಗೆ ನುಗ್ಗಿದ್ದು. ಆಮೇಲೆ ರಾಬಿನ್ ಡೇವಿಡ್‌ಸನ್ 'ಟ್ರ್ಯಾಕ್ಸ್', ಒಂಟೆಗಳ ಜೊತೆ ಆಸ್ಟ್ರೇಲಿಯಾದ ಮರುಭೂಮಿ ದಾಟಿದ್ದು, 1980. ಎರಡನೇದು ಹೆಚ್ಚು ಇಷ್ಟ, ತನ್ನ ಬಗ್ಗೆ ಜಂಬ ಕೊಚ್ಕೊಳ್ಳಲ್ಲ.

ಮಕ್ಕಳಿಗೆ?

ಹೈಸ್ಕೂಲ್ ಮಕ್ಕಳಿಗೆ ತೇಜಸ್ವಿ ಮಿಲೆನಿಯಮ್ ಸರಣಿ ಸಾಕು, ಇಂಗ್ಲಿಷ್ ಓದೋ ಮಕ್ಕಳಿಗೆ 'ಕಾನ್-ಟಿಕಿ'. ಅಂಟಾರ್ಕ್ಟಿಕದ ಪುಸ್ತಕಗಳಲ್ಲಿ ನಾಯಿ ಕೊಲ್ಲೋದು ಬರತ್ತೆ, ಸಣ್ಣ ಮಕ್ಕಳು ಅಳ್ತಾರೆ, ನೋಡಿ ಕೊಡಿ.

ಎಲ್ಲಿ ಸಿಗತ್ತೆ? ಫ್ರೀಯಾಗಿ ಸಿಗತ್ತಾ?

ಸಿವೆಲ್, ಚೆರಿ-ಗ್ಯಾರಾರ್ಡ್, ಶ್ಯಾಕಲ್ಟನ್ ಬರೆದ 'ಸೌತ್', ಡಾರ್ವಿನ್ನನ ಬೀಗಲ್ ಯಾನ ಎಲ್ಲಾ ಪ್ರಾಜೆಕ್ಟ್ ಗುಟೆನ್‌ಬರ್ಗಲ್ಲಿ ಫ್ರೀ, ಕಾನೂನು ಪ್ರಕಾರಾನೇ ಫ್ರೀ, ಯಾಕಂದ್ರೆ ನಮ್ಮಲ್ಲಿ ಬರೆದವರು ಸತ್ತು 60 ವರ್ಷ ಆದ್ಮೇಲೆ ಹಕ್ಕು ಮುಗಿಯತ್ತೆ. ಬುಕನನ್, ದೆಲ್ಲಾ ವಾಲ್ಲೆ ಇಂಟರ್ನೆಟ್ ಆರ್ಕೈವಲ್ಲಿ ಸ್ಕ್ಯಾನ್ ಇದೆ. ತೇಜಸ್ವಿ, ಸ್ವಾಮಿ ಪುಸ್ತಕಗಳು ಅಂಗಡಿಲೇ ಸಿಗ್ತವೆ, ಬೆಲೆನೂ ಜಾಸ್ತಿ ಇಲ್ಲ, ದಯವಿಟ್ಟು ಪಿಡಿಎಫ್ ಕೇಳ್ಬೇಡಿ, ದುಡ್ಡು ಕೊಟ್ಟು ತಗೊಳ್ಳಿ. ಹಳೇದಕ್ಕೆ ಬೆಂಗಳೂರಿನ ಅವೆನ್ಯೂ ರೋಡ್, ಚರ್ಚ್ ಸ್ಟ್ರೀಟ್ ಸುತ್ತಿ.

ಓದ್ತಾ ಓದ್ತಾ ಊರಿನ ಹೆಸರೆಲ್ಲ ಕಲಸ್ಕೊಳ್ಳತ್ತೆ, ಏನ್ ಮಾಡ್ಲಿ?

ಪಕ್ಕದಲ್ಲಿ ಮ್ಯಾಪ್ ಇಟ್ಕೊಳ್ಳಿ, ಅಷ್ಟೇ. ಫೋನಲ್ಲಿ ಸ್ಯಾಟಲೈಟ್ ಮ್ಯಾಪ್ ತೆಗೆದು ಎಲಿಫೆಂಟ್ ದ್ವೀಪದಿಂದ ಸೌತ್ ಜಾರ್ಜಿಯಾಗೆ ಬೆರಳಾಡ್ಸಿ ನೋಡಿ, ಮಧ್ಯೆ ನೀರು ಬಿಟ್ರೆ ಏನೂ ಇಲ್ಲ. ಹಳೇ ಪುಸ್ತಕದಲ್ಲಿ ನಮ್ಮ ಊರುಗಳ ಹೆಸರು ಏನೇನೋ ಆಗಿರತ್ತೆ, ಬತೂತನಿಗೆ ಹೊನ್ನಾವರ ಹಿನೌರ್, ಪಾಯಸ್‌ಗೆ ವಿಜಯನಗರ ಬಿಸ್ನಗ, ಗಟ್ಟಿಯಾಗಿ ಓದಿ ನೋಡಿದ್ರೆ ಹೊಳೆಯತ್ತೆ.

ಮಾರ್ಕೊ ಪೋಲೊ ಯಾಕಿಲ್ಲ? ಎವರೆಸ್ಟ್ ಯಾಕಿಲ್ಲ?

ಮಾರ್ಕೊ ಪೋಲೊ ನನಗೆ ಬೋರು. ಜಿನೋವಾದ ಜೈಲಲ್ಲಿ ಇವನು ಹೇಳಿ, ಜೊತೆಗಿದ್ದ ಕಥೆಗಾರ ರುಸ್ತಿಕೆಲ್ಲೊ ಬರೆದಿದ್ದು, ಎಷ್ಟು ಇವನದ್ದು ಎಷ್ಟು ಅವನದ್ದು ಅಂತ ಬಿಡಿಸಕ್ಕಾಗಲ್ಲ. ಅವನು ಚೀನಾಕ್ಕೆ ಹೋಗಲೇ ಇಲ್ಲ ಅಂತ ಫ್ರಾನ್ಸಿಸ್ ವುಡ್ 1995ರಲ್ಲಿ ಒಂದು ಪುಸ್ತಕಾನೇ ಬರೆದ್ರು, ಮಹಾಗೋಡೆ ಬಗ್ಗೆ ಮಾತೇ ಇಲ್ಲ, ಚಹಾ ಇಲ್ಲ ಅಂತ. ಆದ್ರೆ ನಾವು ಫೋಟೋಲಿ ನೋಡೋ ಗೋಡೆ ಬಹುಪಾಲು ಅವನ ಕಾಲ ಆದ್ಮೇಲೆ ಮಿಂಗ್ ದೊರೆಗಳು ಕಟ್ಟಿಸಿದ್ದು, ಕಾಗದದ ದುಡ್ಡಿನ ಬಗ್ಗೆ, ಉಪ್ಪಿನ ಬಗ್ಗೆ ಅವನು ಹೇಳಿದ್ದು ಸರಿಯಾಗೇ ಇದೆ. ಹೋಗಿದ್ದ ಅಂತಾನೇ ನನಗನ್ಸೋದು.

ಎವರೆಸ್ಟಿಗೆ ಜಾನ್ ಕ್ರಾಕೌರ್ 'ಇನ್‌ಟು ಥಿನ್ ಏರ್', 1996ರ ಮೇ ತಿಂಗಳ ಬಿರುಗಾಳಿಲಿ ಎಂಟು ಜನ ಸತ್ತಿದ್ದು, ಇವನೂ ಆ ಬೆಟ್ಟದ ಮೇಲೇ ಇದ್ದ. ಓದಿ ಮುಗಿಸಿದ ಕೂಡ್ಲೇ ಅನಾತೊಲಿ ಬೂಕ್ರೀವ್‌ನ 'ದಿ ಕ್ಲೈಂಬ್' ತಗೊಳ್ಳಿ. ಗೈಡ್ ಆಗಿದ್ದ ಬೂಕ್ರೀವ್ ಆಕ್ಸಿಜನ್ ಇಲ್ದೆ ಹತ್ತಿ, ಕ್ಲೈಂಟುಗಳಿಗಿಂತ ಮುಂಚೆ ಇಳಿದು ಬಂದ ಅಂತ ಕ್ರಾಕೌರ್ ಆಕ್ಷೇಪ. ಇಳಿದು ಬಂದಿದ್ದಕ್ಕೇ ನನ್ನಲ್ಲಿ ಶಕ್ತಿ ಉಳಿದಿತ್ತು, ಅದಕ್ಕೇ ರಾತ್ರಿ ಬಿರುಗಾಳಿಲಿ ಮತ್ತೆ ಹೊರಗೆ ಹೋಗಿ ಮೂರು ಜನನ ಕರ್ಕೊಂಡು ಬರಕ್ಕಾಯ್ತು ಅಂತ ಇವನ ಉತ್ತರ. ಎರಡೂ ಪುಸ್ತಕ ಬಂದಿದ್ದು 1997ರಲ್ಲೇ, ಅದೇ ವರ್ಷದ ಕೊನೆಲಿ ಬೂಕ್ರೀವ್ ಅನ್ನಪೂರ್ಣದಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಸತ್ತ. ಕ್ರಾಕೌರ್ ಬರವಣಿಗೆ ಎಷ್ಟೋ ಮೇಲು, ಆದ್ರೂ ಆ ರಾತ್ರಿಯ ವಿಷಯದಲ್ಲಿ ನಾನು ಬೂಕ್ರೀವ್ ಕಡೆ.